ಬಾಲಕರ ಪಟ್ಟಣ ಕಟ್ಟಿದ ಫಾದರ್ ಎಡ್ವರ್ಡ್ ಫ್ಲಾನಗನ್

ದಿಕ್ಕಿಲ್ಲದ ಮಕ್ಕಳಿಗೆ ಊಟ, ಬಟ್ಟೆ, ಸೂರು ಕೊಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ಭಾವಿಸುವುದುಂಟು. ಆ ಮಕ್ಕಳಿಗೆ ಬೇಕಾಗಿರುವುದು ಒಂದು ಕುಟುಂಬ ಎಂಬುದನ್ನು ಬದುಕಿ ತೋರಿಸಿದವರು ಅಮೆರಿಕದ ಬಾಯ್ಸ್ ಟೌನ್ ಸಂಸ್ಥಾಪಕರಾದ ವಂದನೀಯ ಫಾದರ್ ಎಡ್ವರ್ಡ್ ಫ್ಲಾನಗನ್.

1886ರ ಜುಲೈ 13ರಂದು ಐರ್ಲೆಂಡಿನ ಬಾಲಿಮೋ ಬಳಿಯ ಕೃಷಿಕ ಕುಟುಂಬದಲ್ಲಿ ಜನಿಸಿದ ಅವರು 1904ರಲ್ಲಿ ಅಮೆರಿಕಕ್ಕೆ ತೆರಳಿದರು. ಅನಾರೋಗ್ಯದಿಂದ ಸೆಮಿನರಿ ವ್ಯಾಸಂಗಕ್ಕೆ ಅಡ್ಡಿಯಾದರೂ ಎದೆಗುಂದದೆ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಓದು ಮುಗಿಸಿ 1912ರಲ್ಲಿ ಗುರುದೀಕ್ಷೆ ಪಡೆದರು. ನೆಬ್ರಾಸ್ಕ ರಾಜ್ಯದ ಒಮಾಹ ಧರ್ಮಪ್ರಾಂತ್ಯ ಅವರ ಸೇವಾಕ್ಷೇತ್ರವಾಯಿತು.

ಒಮಾಹದಲ್ಲಿ ಮೊದಲಿಗೆ ಅವರು ಕೆಲಸವಿಲ್ಲದ ಗಂಡಸರಿಗಾಗಿ ವಸತಿಗೃಹವೊಂದನ್ನು ನಡೆಸಿದರು. ಅಲ್ಲಿಗೆ ಬರುತ್ತಿದ್ದವರ ಕಥೆ ಕೇಳುತ್ತಾ ಹೋದಂತೆ, ಅನೇಕರ ಬಾಳು ಹಾಳಾದದ್ದು ಬಾಲ್ಯದಲ್ಲೇ ಎಂಬುದು ಅವರಿಗೆ ಮನದಟ್ಟಾಯಿತು. ಧರ್ಮಾಧ್ಯಕ್ಷರ ಅನುಮತಿ ಪಡೆದು, 90 ಡಾಲರ್ ಸಾಲ ಮಾಡಿ, 1917ರ ಡಿಸೆಂಬರ್ 12ರಂದು ಬಾಡಿಗೆ ಮನೆಯೊಂದರಲ್ಲಿ ಐವರು ಹುಡುಗರೊಂದಿಗೆ ಹೊಸ ಸೇವೆ ಆರಂಭಿಸಿದರು. ಅವರಲ್ಲಿ ಕೆಲವರು ಬಾಲ ನ್ಯಾಯಾಲಯದಿಂದ ಬಂದವರು.

ಮಕ್ಕಳ ಸಂಖ್ಯೆ ಬೇಗನೆ ಹೆಚ್ಚಿತು. 1921ರಲ್ಲಿ ನಗರದ ಹೊರಗಿನ ಓವರ್‌ಲುಕ್ ಫಾರ್ಮ್‌ಗೆ ಸ್ಥಳಾಂತರಗೊಂಡರು. ಅಲ್ಲಿ ಜಾತಿ, ವರ್ಣ, ಧರ್ಮದ ಭೇದವಿರಲಿಲ್ಲ. ಕರಿಯರೂ ಬಿಳಿಯರೂ ಒಟ್ಟಿಗೆ ಇರಬಾರದೆಂಬ ವಿರೋಧಕ್ಕೆ ಫಾದರ್ ಮಣಿಯಲಿಲ್ಲ. ಹುಡುಗರೇ ಮತ ಹಾಕಿ ತಮ್ಮ ಮೇಯರನ್ನು ಆರಿಸುತ್ತಿದ್ದರು. ಹುಟ್ಟಿನಿಂದ ಯಾವ ಮಗುವೂ ಕೆಟ್ಟದ್ದಲ್ಲ ಎಂಬುದು ಫಾದರ್ ಅವರ ದೃಢ ನಂಬಿಕೆಯಾಗಿತ್ತು. 1938ರಲ್ಲಿ ತೆರೆಕಂಡ ಬಾಯ್ಸ್ ಟೌನ್ ಚಲನಚಿತ್ರದಲ್ಲಿ ಅವರ ಪಾತ್ರ ವಹಿಸಿದ ಸ್ಪೆನ್ಸರ್ ಟ್ರೇಸಿ ಅವರಿಗೆ ಆಸ್ಕರ್ ಪ್ರಶಸ್ತಿ ಲಭಿಸಿತು.

ಆದರೆ ಅವರ ನಿಜವಾದ ಧೈರ್ಯ ಕಂಡದ್ದು 1946ರಲ್ಲಿ. ಹುಟ್ಟೂರಿನ ದರ್ಶನಕ್ಕೆ ಐರ್ಲೆಂಡಿಗೆ ಹೋದ ಅವರು, ಅಲ್ಲಿನ ಸುಧಾರಣಾ ಶಾಲೆಗಳಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಕ್ರೂರ ಶಿಕ್ಷೆಯನ್ನು ಬಹಿರಂಗವಾಗಿ ಖಂಡಿಸಿದರು. ಅವುಗಳಲ್ಲಿ ಹೆಚ್ಚಿನವು ನಮ್ಮದೇ ಧಾರ್ಮಿಕ ಸಭೆಗಳ ಆಡಳಿತದಲ್ಲಿದ್ದವು. ಸರಕಾರದ ಮಂತ್ರಿಯೇ ಅವರ ಮಾತನ್ನು ತಳ್ಳಿಹಾಕಿದರು. 2009ರಲ್ಲಿ ಪ್ರಕಟವಾದ ತನಿಖಾ ಆಯೋಗದ ವರದಿ ಆ ಸಂಸ್ಥೆಗಳಲ್ಲಿ ಮಕ್ಕಳು ಅನುಭವಿಸಿದ ದೌರ್ಜನ್ಯವನ್ನು ಜಗತ್ತಿನ ಮುಂದಿಟ್ಟಿತು. ಅಷ್ಟರಲ್ಲಿ ಅರುವತ್ತಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು.

ಮಹಾಯುದ್ಧದಲ್ಲಿ ಅನಾಥರಾದ ಮಕ್ಕಳಿಗಾಗಿ 1947ರಲ್ಲಿ ಜಪಾನ್ ಮತ್ತು ಕೊರಿಯಾ, ಮರುವರ್ಷ ಆಸ್ಟ್ರಿಯಾ ಮತ್ತು ಜರ್ಮನಿಗೆ ತೆರಳಿದ ಅವರು, 1948ರ ಮೇ 15ರಂದು ಬರ್ಲಿನ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಬಾಯ್ಸ್ ಟೌನ್‌ನ ದೇವಾಲಯದಲ್ಲಿ ಅವರ ಸಮಾಧಿಯಿದೆ. 1970ರ ದಶಕದಲ್ಲಿ ಅಲ್ಲಿನ ದೊಡ್ಡ ವಸತಿ ಕಟ್ಟಡಗಳ ಬದಲು, ದಂಪತಿಗಳು ಕೆಲವೇ ಮಕ್ಕಳೊಂದಿಗೆ ವಾಸಿಸುವ ಮನೆಗಳು ಬಂದವು. 1979ರಿಂದ ಹುಡುಗಿಯರಿಗೂ ಪ್ರವೇಶ ದೊರೆಯಿತು. ಅವರನ್ನು ಸಂತಪದವಿಗೇರಿಸುವ ಪ್ರಕ್ರಿಯೆ 2012ರಲ್ಲಿ ಆರಂಭವಾಯಿತು.

ನಮ್ಮ ಚರ್ಚುಗಳಲ್ಲೂ ವಾಳೆಗಳಲ್ಲೂ ಆಸರೆ ಬೇಕಾದ ಮಕ್ಕಳಿದ್ದಾರೆ. ಅವರಿಗೆ ಸಹಾಯಧನ ಕೊಡುವುದು ಸುಲಭ, ಅವರ ದೂರನ್ನು ಕುಳಿತು ಕೇಳುವುದು ಕಷ್ಟ. ದೂರು ನಮ್ಮದೇ ಸಂಸ್ಥೆಯ ಬಗ್ಗೆ ಇದ್ದರಂತೂ ಇನ್ನೂ ಕಷ್ಟ. ಸಂಸ್ಥೆಯ ಹೆಸರಿಗಿಂತ ಮಗು ದೊಡ್ಡದು ಎಂಬ ಫಾದರ್ ಫ್ಲಾನಗನ್ ಅವರ ಬಾಳಿನ ಪಾಠವನ್ನು ನಾವೂ ಕಲಿಯೋಣ. ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿದ ಯೇಸು ಸ್ವಾಮಿ ನಮಗೆ ಆ ಧೈರ್ಯ ನೀಡಲಿ.