ನಾಣ್ಯಪ್ರೇಮಿ ಸರ್ ವಾಲ್ಟರ್ ಎಲಿಯಟ್

ಹಳೆಯ ಬೆಳ್ಳಿ ನಾಣ್ಯ, ಸ್ಮಾರಕ ನಾಣ್ಯಗಳನ್ನು ಜೋಪಾನ ಮಾಡುವ ಹವ್ಯಾಸಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರು ನೆನೆಯಬೇಕಾದ ಹಿರಿಯರಲ್ಲಿ ಸರ್ ವಾಲ್ಟರ್ ಎಲಿಯಟ್‌ರವರು ಒಬ್ಬರು.

1803ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಇವರು ಕಂಪನಿಯ ನೌಕರಿ ಹಿಡಿದು ಮದ್ರಾಸಿಗೆ ಬಂದರು. ಅಲ್ಲಿಂದ ಧಾರವಾಡ ಸೀಮೆಗೆ ವರ್ಗವಾದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಹತರಾದಾಗ ಎಲಿಯಟ್ ಹಾಗೂ ಸ್ಟೀವನ್ಸನ್ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕರು. ಸುಮಾರು ಆರು ವಾರಗಳ ನಂತರ ಇಬ್ಬರನ್ನೂ ಜೀವಂತ ಬಿಡಲಾಯಿತು. ಕಂಪನಿಯ ಸೈನ್ಯ ಮಾತ್ರ ಕಿತ್ತೂರನ್ನು ಬಿಡಲಿಲ್ಲ.

ಜೀವ ಉಳಿದ ಆ 21ರ ತರುಣ ಮುಂದೆ ಅದೇ ನಾಡಿನ ಶಾಸನಗಳ ಬೆನ್ನು ಹತ್ತಿದರು. 595 ಶಾಸನಗಳನ್ನು ಪ್ರತಿ ಮಾಡಿಸಿ, ಚಾಲುಕ್ಯ, ಕಳಚೂರಿ, ಯಾದವ, ಹೊಯ್ಸಳ ವಂಶಗಳ ಚರಿತ್ರೆಯನ್ನು ಲೇಖನವಾಗಿ ಪ್ರಕಟಿಸಿದರು. ಜೊತೆಜೊತೆಗೆ ನಾಣ್ಯ ಸಂಗ್ರಹ. ದಕ್ಷಿಣದಲ್ಲಿ ಆಗ ಬೆಳ್ಳಿಗಿಂತ ಚಿನ್ನದ ವರಾಹ, ಹಣಗಳದ್ದೇ ಹಳೆಯ ಪರಂಪರೆ. ಇಂಥ ನಾಣ್ಯ ಅಕ್ಕಸಾಲಿಗನ ಮೂಸೆಗೆ ಬಿದ್ದರೆ ಒಡವೆಯಾಗುತ್ತಿತ್ತು, ಅದರ ಮೇಲಿನ ಅರಸನ ಗುರುತು ಅಳಿಯುತ್ತಿತ್ತು. ಲಾಂಛನ ಯಾವ ವಂಶದ್ದೆಂದು ಹೇಳಲು ಶಾಸನಗಳ ಅಭ್ಯಾಸ ಅವರ ನೆರವಿಗೆ ಬಂತು.

1860ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ದಕ್ಷಿಣ ಭಾರತದ ನಾಣ್ಯಗಳ ಕುರಿತ ಅವರ ಗ್ರಂಥ 1886ರಲ್ಲಿ ಲಂಡನ್ನಿನಲ್ಲಿ ಹೊರಬಂದಾಗ ಅವರ ಕಣ್ಣು ಬಹುಮಟ್ಟಿಗೆ ಕುರುಡಾಗಿತ್ತು. ಅವರು ಕೂಡಿಸಿದ ನಾಣ್ಯಗಳನ್ನು ಕಾಣಲು ಧಾರವಾಡದವರೂ ಬ್ರಿಟಿಷ್ ಮ್ಯೂಸಿಯಂಗೆ ಹೋಗಬೇಕು, ಇದೊಂದು ಕೊರಗು.

1887ರ ಮಾರ್ಚ್ 1ರಂದು ಬೆಳಿಗ್ಗೆ ತಿರುಕ್ಕುರಳ್ ವಿದ್ವಾಂಸ ಜಿ. ಯು. ಪೋಪ್‌ರವರಿಗೆ ಪತ್ರವೊಂದನ್ನು ಬರೆಸಿ, ತಾವೇ ಸಹಿ ಹಾಕಿದರು. ಅದೇ ದಿನ ನಿಧನರಾದರು.