ಅಲೆಕ್ಸಾಂಡರ್ ಅಮ್ಮನವರು ಮತ್ತು ಮಕ್ಕಳ ಸಂಗೀತಗಳು

ಬೇಸಿಗೆಯ ರಜೆ ಬಂದೊಡನೆ ನಮ್ಮ ಸಭೆಗಳಲ್ಲಿ ಮಕ್ಕಳಿಗಾಗಿ ರಜಾಕಾಲದ ಬೈಬಲ್ ಶಾಲೆಗಳು ನಡೆಯುವುದನ್ನು ಈ ಸಂಚಿಕೆಯ ವಾಚಕರೆಲ್ಲರೂ ಬಲ್ಲರು. ಶಾಲೆ ಮುಗಿದು ಕೆಲವು ತಿಂಗಳಾದ ಮೇಲೆ ಮಕ್ಕಳನ್ನು ವಿಚಾರಿಸಿದರೆ, ಉಪಾಧ್ಯಾಯಿನಿಯರು ಹೇಳಿದ ಕಥೆಗಳಲ್ಲಿ ಹಲವು ಮರೆತುಹೋಗಿರುತ್ತವೆ. ಬಣ್ಣದ ಕಾಗದದ ಕೈಕೆಲಸವು ಹರಿದುಹೋಗಿರುತ್ತದೆ. ಹಾಡುಗಳು ಮಾತ್ರ ಉಳಿದಿರುತ್ತವೆ. ಮಗುವಿನ ನಾಲಿಗೆಯ ಮೇಲೆ ನಾವು ಇಡುವ ಹಾಡು ಅದರ ಮುಪ್ಪಿನ ತನಕ ಜೊತೆಗೆ ಬರುವುದಾದರೆ, ಆ ಹಾಡಿನಲ್ಲಿ ಏನಿರಬೇಕು, ಏನಿರಬಾರದು ಎಂಬುದು ಅಲ್ಪ ಪ್ರಶ್ನೆಯಲ್ಲ. ಈ ಪ್ರಶ್ನೆಯನ್ನು ಸರಿಯಾಗಿ ಗ್ರಹಿಸುವುದಕ್ಕೆ ಶ್ರೀಮತಿ ಸಿಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ ಅಮ್ಮನವರ ಚರಿತ್ರೆಯು ಬಹಳ ಸಹಾಯಕವಾಗಿರುವುದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲಿಚ್ಛಿಸುತ್ತೇವೆ.

ಇವರು 1818ನೆಯ ಇಸವಿಯಲ್ಲಿ ಐರ್ಲೆಂಡ್ ದೇಶದ ಡಬ್ಲಿನ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯಾದ ಮೇಜರ್ ಜಾನ್ ಹಂಫ್ರೀಸರು ಸೈನ್ಯದ ಕೆಲಸವನ್ನು ಬಿಟ್ಟ ಮೇಲೆ ದೊಡ್ಡ ಜಮೀನುದಾರರ ಆಸ್ತಿಗಳನ್ನು ನೋಡಿಕೊಳ್ಳುವ ಅಧಿಕಾರಿಯಾಗಿದ್ದರು. ಮನೆಯಲ್ಲಿ ಈ ಹುಡುಗಿಯನ್ನು ಫ್ಯಾನಿ ಎಂದು ಕರೆಯುತ್ತಿದ್ದರು. ಚಿಕ್ಕಂದಿನಿಂದಲೇ ಫ್ಯಾನಿಗೆ ಪದ್ಯ ಕಟ್ಟುವ ಹವ್ಯಾಸವಿತ್ತು. ತಂದೆಯವರು ಶಿಸ್ತಿನ ಮನುಷ್ಯರಾದುದರಿಂದ ಅವರಿಗೆ ಹೆದರಿ ಆ ಪದ್ಯಗಳನ್ನು ನೆಲಕ್ಕೆ ಹಾಸಿದ ಜಮಖಾನೆಯ ಕೆಳಗೆ ಬಚ್ಚಿಡುತ್ತಿದ್ದಳಂತೆ. ಅವು ಒಂದು ದಿನ ತಂದೆಯ ಕೈಗೆ ಸಿಕ್ಕವು. ಅವರು ಗದರಿಸಲಿಲ್ಲ. ವಾರಕ್ಕೊಮ್ಮೆ ಹೊತ್ತು ಗೊತ್ತುಮಾಡಿ, ಮಗಳು ಬರೆದುದನ್ನು ತಾವೇ ಗಟ್ಟಿಯಾಗಿ ಓದಿ, ಗುಣದೋಷಗಳನ್ನು ತಿಳಿಸತೊಡಗಿದರೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಹೆಣ್ಣುಮಕ್ಕಳ ಒಲವನ್ನು ಕಂಡುಕೊಂಡ ತಂದೆತಾಯಿಗಳು ಏನು ಮಾಡಬೇಕೆಂಬುದಕ್ಕೆ ಇದೊಂದು ಒಳ್ಳೆಯ ದೃಷ್ಟಾಂತ.

1833ರಲ್ಲಿ ಕುಟುಂಬವು ಉತ್ತರ ಐರ್ಲೆಂಡಿನ ಸ್ಟ್ರಬೇನ್ ಎಂಬ ಊರಿಗೆ ಬಂದು ನೆಲಸಿತು. ಅಲ್ಲಿ ಫ್ಯಾನಿಯು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬೋಧಿಸುವ ಸೇವೆಯನ್ನು ಕೈಕೊಂಡರು. ಆ ಕಾಲದ ಕ್ರಮದಂತೆ ಮಕ್ಕಳು ವಿಶ್ವಾಸಪ್ರಮಾಣವನ್ನೂ ಪ್ರಶ್ನೋತ್ತರಾವಳಿಯನ್ನೂ ಬಾಯಿಪಾಠ ಮಾಡಬೇಕಾಗಿತ್ತು. ಆ ವಾಕ್ಯಗಳು ದೊಡ್ಡವರಿಗೋಸ್ಕರ ರಚಿತವಾದವುಗಳು. ಎಳೆಯ ಮಕ್ಕಳು ಒಪ್ಪಿಸುತ್ತಿದ್ದರೇ ಹೊರತು ಅರಿಯುತ್ತಿರಲಿಲ್ಲ. ಉಪಾಧ್ಯಾಯಿನಿಯರಾದ ನಮಗೆ ಈ ಸಂಕಟವು ಹೊಸದಲ್ಲ. ವಿಶ್ವಾಸಪ್ರಮಾಣದ ಒಂದೊಂದು ಮಾತನ್ನು ತೆಗೆದುಕೊಂಡು, ಅದರ ಅರ್ಥವನ್ನು ಮಕ್ಕಳ ಕಣ್ಣಿಗೆ ಕಾಣುವ ಚಿತ್ರವನ್ನಾಗಿ ಮಾಡಿ, ಸಣ್ಣ ಸಣ್ಣ ಪದಗಳಲ್ಲಿ ಒಂದೊಂದು ಹಾಡನ್ನು ಬರೆಯುವುದು ಫ್ಯಾನಿಯವರು ಕಂಡುಕೊಂಡ ಉಪಾಯವಾಗಿತ್ತು.

ಹೀಗೆ ಹುಟ್ಟಿದ ಹಾಡುಗಳು 1848ರಲ್ಲಿ ‘ಹಿಮ್ಸ್ ಫಾರ್ ಲಿಟಲ್ ಚಿಲ್ಡ್ರನ್’ ಎಂಬ ಪುಸ್ತಕವಾಗಿ ಹೊರಬಂದವು. ಪ್ರಸಿದ್ಧ ಕವಿಯೂ ಬೋಧಕರೂ ಆಗಿದ್ದ ಜಾನ್ ಕೀಬಲರು ಅದಕ್ಕೆ ಮುನ್ನುಡಿ ಬರೆದರು. ಗ್ರಂಥಕರ್ತ್ರಿಯು ಅದನ್ನು ದೀಕ್ಷಾಸ್ನಾನದಲ್ಲಿ ತಾವು ಹೊಣೆಹೊತ್ತಿದ್ದ ಬಾಲಕರಿಗೆ ಅರ್ಪಿಸಿದರು. ಭೂಮ್ಯಾಕಾಶಗಳನ್ನು ದೇವರು ಉಂಟುಮಾಡಿದನೆಂಬ ಮಾತಿಗೆ ‘ಆಲ್ ಥಿಂಗ್ಸ್ ಬ್ರೈಟ್ ಅಂಡ್ ಬ್ಯೂಟಿಫುಲ್’ ಎಂಬ ಹಾಡು. ಕರ್ತನು ಕನ್ಯೆಯಲ್ಲಿ ಹುಟ್ಟಿದನೆಂಬುದಕ್ಕೆ ‘ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ’. ಆತನು ಶಿಲುಬೆಗೆ ಹಾಕಲ್ಪಟ್ಟನೆಂಬುದಕ್ಕೆ ‘ದೇರ್ ಈಸ್ ಎ ಗ್ರೀನ್ ಹಿಲ್ ಫಾರ್ ಅವೇ’. ಇವು ಮೂರೂ ಬೇರೆ ಬೇರೆ ಸಮಯಗಳಲ್ಲಿ ತೋಚಿದ ಬಿಡಿ ಹಾಡುಗಳೆಂದು ಎಣಿಸುವವರು ಬಹುಮಂದಿ. ನಿಜವಾಗಿ ಅವು ಒಂದೇ ಪಾಠಕ್ರಮದ ಮೂರು ಪಾಠಗಳು. ಆ ಪುಸ್ತಕವು ಹತ್ತೊಂಬತ್ತನೆಯ ಶತಮಾನವು ಮುಗಿಯುವುದರೊಳಗೆ ಅರುವತ್ತಕ್ಕಿಂತ ಹೆಚ್ಚು ಸಲ ಅಚ್ಚಾಯಿತು. 1849ರಲ್ಲಿ ಹೆನ್ರಿ ಗಾಂಟ್ಲೆಟ್ ಎಂಬ ಸಂಗೀತಗಾರರು ಕ್ರಿಸ್ತಜನನದ ಹಾಡಿಗೆ ರಾಗ ಕಟ್ಟಿದರು. ಕೇಂಬ್ರಿಜ್ ನಗರದ ಕಿಂಗ್ಸ್ ಕಾಲೇಜಿನ ದೇವಾಲಯದಲ್ಲಿ ಕ್ರಿಸ್ಮಸ್ ಹಿಂದಿನ ದಿನ ನಡೆಯುವ ಹೆಸರಾಂತ ಆರಾಧನೆಯು 1919ರಿಂದ ಈ ಹಾಡಿನಿಂದಲೇ ಆರಂಭವಾಗುತ್ತದೆ. ಅದರ ಮೊದಲ ಪದ್ಯವನ್ನು ಬಾಲಕನೊಬ್ಬನು ಒಬ್ಬನೇ ನಿಂತು ಹಾಡುತ್ತಾನೆ. ಮಕ್ಕಳಿಗಾಗಿ ಬರೆದುದು ಮಗುವಿನ ಕಂಠದಲ್ಲಿಯೇ ಉಳಿದಿರುವುದು ಯುಕ್ತವಾಗಿದೆ.

ಪುಸ್ತಕದಿಂದ ಬಂದ ಹಣವು ಎಲ್ಲಿಗೆ ಹೋಯಿತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ವಿಶೇಷವಾಗಿ ನೆನಪಿನಲ್ಲಿಡಬೇಕು. 1846ರಲ್ಲಿ ಸ್ಟ್ರಬೇನಿನಲ್ಲಿ ಕಿವುಡ ಮತ್ತು ಮೂಕ ಮಕ್ಕಳಿಗಾಗಿ ಒಂದು ಶಾಲೆಯು ಸ್ಥಾಪಿತವಾಗಿತ್ತು. ತಮ್ಮ ಮೊದಲನೆಯ ಪುಸ್ತಕಗಳಿಂದ ಬಂದ ಹಣವನ್ನೂ ಈ ಸಂಗೀತಪುಸ್ತಕದ ಲಾಭವನ್ನೂ ಫ್ಯಾನಿಯವರು ಆ ಶಾಲೆಗೆ ಕೊಟ್ಟರು. ಲೋಕದ ಮಕ್ಕಳೆಲ್ಲ ಯಾವ ಹಾಡುಗಳನ್ನು ಹಾಡಿ ಸಂತೋಷಪಟ್ಟರೋ ಆ ಹಾಡುಗಳ ದುಡಿಮೆಯಿಂದ, ಅವನ್ನು ಎಂದೆಂದಿಗೂ ಕೇಳಲಾರದ ಮಕ್ಕಳು ವಿದ್ಯೆಯನ್ನು ಪಡೆದರು. ಹಾಡನ್ನು ಹಾಡಲಾರದ ಮಗುವನ್ನು ಮರೆಯದೆ ಇದ್ದುದೇ ಇವರ ಬೋಧನೆಯ ಉತ್ತಮಾಂಶವೆಂದು ನಮಗೆ ತೋರುತ್ತದೆ.

1850ರಲ್ಲಿ ಇವರು ವಿಲಿಯಂ ಅಲೆಕ್ಸಾಂಡರ್ ಎಂಬ ಸಭಾಪಾಲಕರನ್ನು ಮದುವೆಯಾದರು. ಗಂಡನು ಹೆಂಡತಿಗಿಂತ ಆರು ವರುಷ ಚಿಕ್ಕವರಾಗಿದ್ದುದರಿಂದ ಆಗ ಬಂಧುಬಳಗದವರು ಆಕ್ಷೇಪಿಸದಿರಲಿಲ್ಲ. ಮೊದಲನೆಯ ಸಭೆಯು ಟರ್ಮನಮಂಗನ್ ಎಂಬ ಬಡ ಗುಡ್ಡನಾಡು. ಮನೆಗಳು ದೂರದೂರ ಚದರಿದ್ದವು. 1845ರಿಂದ ಬಟಾಟೆಯ ಬೆಳೆಯು ರೋಗದಿಂದ ನಾಶವಾಗಿ ಐರ್ಲೆಂಡಿನಲ್ಲಿ ಘೋರವಾದ ಕ್ಷಾಮವು ಬಂದು, ಹತ್ತು ಲಕ್ಷದಷ್ಟು ಜನರು ಹಸಿವಿನಿಂದಲೂ ರೋಗದಿಂದಲೂ ಸತ್ತು, ದೇಶವು ಇನ್ನೂ ಚೇತರಿಸಿಕೊಳ್ಳದೆ ಇದ್ದ ಕಾಲವದು. ಅಮ್ಮನವರು ಮಳೆಗಾಳಿಗಳನ್ನು ಲೆಕ್ಕಿಸದೆ ಗುಡಿಸಲಿನಿಂದ ಗುಡಿಸಲಿಗೆ ನಡೆದು, ರೋಗಿಗಳಿಗೆ ಆಹಾರವನ್ನು ಒಯ್ದು, ಶುಶ್ರೂಷೆ ಮಾಡುತ್ತಿದ್ದರು. 1867ರಲ್ಲಿ ಗಂಡನು ಡೆರಿ ಮತ್ತು ರಾಫೋ ಪ್ರಾಂತದ ಬಿಷಪರಾದರು. ಬಿಷಪರ ಮಡದಿಯಾದ ಮೇಲೂ ಇವರ ನಡಿಗೆ ನಿಲ್ಲಲಿಲ್ಲ. ದಾರಿತಪ್ಪಿದ ಹೆಣ್ಣುಮಕ್ಕಳ ಆಶ್ರಯಮಂದಿರಕ್ಕೂ ಮನೆಮನೆಗೆ ಹೋಗುವ ದಾದಿಯರ ಸೇವೆಗೂ ಬಹಳವಾಗಿ ದುಡಿದರು. ನಾಲ್ಕು ಮಂದಿ ಮಕ್ಕಳ ತಾಯಿಯಾಗಿ, ಸುಮಾರು ನಾಲ್ಕುನೂರು ಹಾಡು ಮತ್ತು ಪದ್ಯಗಳನ್ನು ಬರೆದು, 1895ರ ಅಕ್ಟೋಬರ್ 12ರಂದು ಡೆರಿಯಲ್ಲಿ ಕರ್ತನಲ್ಲಿ ನಿದ್ರೆಹೋದರು.

ಇಂಥವರ ಹಾಡಿನಲ್ಲಿಯೂ ದೋಷವಿತ್ತೆಂಬುದನ್ನು ಮುಚ್ಚಿಡಬಾರದು. ಸೃಷ್ಟಿಯ ಹಾಡಿನಲ್ಲಿ ಐಶ್ವರ್ಯವಂತನು ಕೋಟೆಯಲ್ಲಿಯೂ ಬಡವನು ಅದರ ಬಾಗಿಲ ಬಳಿಯಲ್ಲಿಯೂ ಇರುವುದು ದೇವರ ಏರ್ಪಾಡೆಂದು ಅರ್ಥವಾಗುವ ಒಂದು ಪದ್ಯವಿತ್ತು. ಇಬ್ಬರನ್ನೂ ಉಂಟುಮಾಡಿದವನು ಒಬ್ಬನೇ ಎಂಬುದಷ್ಟೇ ಅದರ ತಾತ್ಪರ್ಯವೆಂದು ಕೆಲವರು ಸಮಾಧಾನ ಹೇಳುವುದುಂಟು. ಆದರೆ ಜನರು ಹಸಿವಿನಿಂದ ಸಾಯುತ್ತಿದ್ದ ದೇಶದಲ್ಲಿ, ಕ್ಷಾಮದ ನಡುವೆಯೇ, ಆ ಪದ್ಯವು ಮಕ್ಕಳ ಬಾಯಲ್ಲಿ ಇಡಲ್ಪಟ್ಟಿತು. 1906ರ ‘ಇಂಗ್ಲಿಷ್ ಹಿಮ್ನಲ್’ ಎಂಬ ಸಂಗೀತಪುಸ್ತಕವು ಅದನ್ನು ಬಿಟ್ಟುಬಿಟ್ಟಿತು. ಈಗಿನ ಪುಸ್ತಕಗಳಲ್ಲಿ ಹೆಚ್ಚಿನವುಗಳೂ ಹಾಗೆಯೇ ಮಾಡಿವೆ. ಬಡವರ ಗುಡಿಸಲಿಗೆ ನಡೆದುಹೋದ ಆ ಕಾಲುಗಳನ್ನು ನೋಡಿದರೆ, ಅಮ್ಮನವರ ಬಾಳು ಆ ಪದ್ಯಕ್ಕಿಂತ ಶ್ರೇಷ್ಠವಾಗಿತ್ತೆಂದು ಹೇಳಬೇಕು. ಆದರೆ ಬಾಳು ಮಕ್ಕಳ ಕಿವಿಗೆ ಮುಟ್ಟುವುದಿಲ್ಲ, ಪದ್ಯವು ಮುಟ್ಟುತ್ತದೆ. ಜಾತಿಯ ಮತ್ತು ಅಂತಸ್ತಿನ ಗೋಡೆಗಳ ನಡುವೆ ಬೆಳೆಯುವ ಮಕ್ಕಳನ್ನು ಕೈಯಲ್ಲಿಟ್ಟುಕೊಂಡಿರುವ ನಮಗೆ ಈ ಎಚ್ಚರಿಕೆಯು ಇತರರಿಗಿಂತ ಹೆಚ್ಚಾಗಿ ಬೇಕಾಗಿದೆ.

ಇನ್ನೊಂದು ಸಣ್ಣ ಸಂಗತಿಯೂ ಉಂಟು. ಶಿಲುಬೆಯ ಗುಡ್ಡದ ಹಾಡಿನಲ್ಲಿ ಪಟ್ಟಣದ ಗೋಡೆಯ ಹೊರಗೆ ಎಂಬರ್ಥದಲ್ಲಿ ಇವರು ಒಂದು ಹಳೆಯ ಇಂಗ್ಲಿಷ್ ಪದವನ್ನು ಪ್ರಯೋಗಿಸಿದ್ದರು. ಮಕ್ಕಳಿಗಾದರೋ ಆ ಪದಕ್ಕೆ ಇಲ್ಲದೆ ಎಂಬುದೊಂದೇ ಅರ್ಥ ಗೊತ್ತು. ಗೋಡೆಯಿಲ್ಲದ ಗುಡ್ಡವೆಂದು ಹೇಳುವ ಅಗತ್ಯವೇನೆಂದು ಅವರು ಬೆರಗಾಗುವುದು ಸಹಜ. ಮುಂದೆ ಕೆಲವು ಪುಸ್ತಕಗಳಲ್ಲಿ ಆ ಪದವನ್ನು ಬದಲಾಯಿಸಬೇಕಾಯಿತು. ಸರಳವಾಗಿ ಬರೆಯುವುದರಲ್ಲಿ ಇಷ್ಟು ನಿಪುಣರಾದವರಿಗೇ ಒಂದು ಪದವು ಹೀಗೆ ತೊಡಕಾದರೆ, ಅರ್ಥವನ್ನು ವಿಚಾರಿಸದೆ ಹಾಡಿಸುವ ನಮ್ಮ ಗತಿಯೇನು?

ರಜಾಕಾಲದ ಬೈಬಲ್ ಶಾಲೆಯನ್ನು ಅಲೆಕ್ಸಾಂಡರ್ ಅಮ್ಮನವರು ಕಾಣಲಿಲ್ಲ. ಅವರು ತೀರಿಹೋಗಿ ಆರು ವರುಷಗಳಾದ ಮೇಲೆ, 1901ರಲ್ಲಿ, ನ್ಯೂಯಾರ್ಕಿನಲ್ಲಿ ರಾಬರ್ಟ್ ಬೋವಿಲ್ ಎಂಬವರು ಬೀದಿಯ ಮಕ್ಕಳಿಗಾಗಿ ಇಂಥ ಶಾಲೆಗಳನ್ನು ಕ್ರಮಪಡಿಸಿದರು. ಆದರೂ ಅಮ್ಮನವರ ಕ್ರಮವು ಆ ಶಾಲೆಗಳಿಗೆ ತಕ್ಕುದಾಗಿಯೇ ಇದೆ. ಒಂದು ದಿನಕ್ಕೆ ಒಂದು ಸತ್ಯ, ಅದಕ್ಕೆ ಒಂದು ಹಾಡು. ಮೊದಲು ಪದಗಳನ್ನು ಮಾತಿನಲ್ಲಿ ಹೇಳಿಸಿ, ಒಂದೊಂದರ ಅರ್ಥವನ್ನು ಮಕ್ಕಳಿಂದಲೇ ಕೇಳಿ, ಅನಂತರ ರಾಗವನ್ನು ಕಲಿಸಬೇಕು. ಚಪ್ಪಾಳೆ ಅಭಿನಯಗಳು ಬೇಡವೆಂದು ನಾವು ಹೇಳುವುದಿಲ್ಲ. ಮಕ್ಕಳಿಗೆ ಉಲ್ಲಾಸವು ಬೇಕು. ಚಪ್ಪಾಳೆಯು ನಿಂತ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತೆಂದು ವಿಚಾರಿಸಬೇಕೆಂಬುದಷ್ಟೇ ನಮ್ಮ ಮಾತು.

ನಮ್ಮ ಶಾಲೆಯಲ್ಲಿ ಕಲಿತು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವವರಲ್ಲಿ ನಮ್ಮ ಬಿನ್ನಹವಿದು. ಮುಂದಿನ ಬೇಸಿಗೆಯಲ್ಲಿ ನಿಮ್ಮ ಮಕ್ಕಳು ಹೊಸ ಹಾಡೊಂದನ್ನು ಹಾಡುತ್ತಾ ಮನೆಗೆ ಬಂದಾಗ ರಾಗ ಚೆನ್ನಾಗಿದೆಯೆಂದು ಹೊಗಳಿ ಸುಮ್ಮನಾಗಬೇಡಿರಿ. ಹತ್ತಿರ ಕೂರಿಸಿಕೊಂಡು ಅದರ ಅರ್ಥವನ್ನು ಕೇಳಿರಿ. ನೆರೆಮನೆಯ ಬಡ ಮಗುವಿನೊಡನೆ ಕೂಡಿ ಹಾಡಬಹುದಾದ ಹಾಡೇ ಎಂದು ನೋಡಿರಿ. ಹಾಗಿದ್ದರೆ ನೀವೂ ಅದನ್ನು ಕಲಿತು ಅವರೊಡನೆ ಹಾಡಿರಿ.