ಮಂತ್ರಿ ಹೋದ ಮೇಲೂ ಆಡಿದ ಅರಸ

ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದ ಮೇಲೆ ನಾವು ಫೋನಲ್ಲಿ ಚೆಸ್ ಆಡ್ತೀವಿ. ಆಟ ಮುಗಿದ ಕೂಡಲೇ ಆ್ಯಪ್ ಎಲ್ಲ ನಡೆಗಳಿಗೂ ಗುರುತು ಹಾಕಿ ತೋರಿಸುತ್ತೆ. ಒಳ್ಳೆ ನಡೆಗೆ ಆಶ್ಚರ್ಯಸೂಚಕ, ತಪ್ಪಿಗೆ ಒಂದು ಪ್ರಶ್ನೆ ಗುರುತು, ಬ್ಲಂಡರ್‌ಗೆ ಎರಡು. ನನಗಂತೂ ಮಂತ್ರಿ ಹೋದ ಕೂಡಲೇ ರಿಸೈನ್ ಬಟನ್ ಒತ್ತೋ ಚಟ. ಒಂದಿನ ಅನ್ನಿಸ್ತು, ಇದೇ ತರ ಒಬ್ಬ ಮನುಷ್ಯರ ಇಡೀ ಜೀವನಕ್ಕೆ ಗುರುತು ಹಾಕಿದ್ರೆ ಹೆಂಗಿರುತ್ತೆ ಅಂತ. ಅದಕ್ಕೆ ನಾನು ಆರಿಸಿಕೊಂಡಿದ್ದು ಚದುರಂಗದ ಹುಚ್ಚಿದ್ದ ಮೈಸೂರಿನ ಅರಸರು, ಮುಮ್ಮಡಿ ಕೃಷ್ಣರಾಜ ಒಡೆಯರನ್ನ.

ದೇವದುರ್ಗದ ನನ್ನ ರೂಮ್‌ಮೇಟ್ ತಕ್ಷಣ ತಕರಾರು ತೆಗೆದ. ನಮ್ಮದು ನಿಜಾಮರ ಸೀಮೆ, ಮೈಸೂರು ಅರಸರಿಗೂ ನಮಗೂ ಏನ್ ಸಂಬಂಧ ಅಂತ ಅವನ ಪ್ರಶ್ನೆ. ಸಂಬಂಧ ಅದ, ಮುಂದೆ ಬರ್ತದ.

ಮೊದಲು ಓಪನಿಂಗ್ ನೋಡೋಣ. ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪು ಸುಲ್ತಾನ್ ಸತ್ತರು. ಜೂನ್ 30ರಂದು ಬ್ರಿಟಿಷರು ಐದು ವರ್ಷವೂ ತುಂಬದ ಈ ಹುಡುಗನನ್ನ ಸಿಂಹಾಸನದ ಮೇಲೆ ಕೂರಿಸಿದರು. ಅಂದ್ರೆ ಬೋರ್ಡ್ ಜೋಡಿಸಿಕೊಟ್ಟಿದ್ದೇ ಎದುರಾಳಿ. ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕೊಡಬೇಕು. ಆ ಹಣಕ್ಕೆ ತೊಂದರೆ ಬರುತ್ತೆ ಅನ್ನಿಸಿದ್ರೆ ಗವರ್ನರ್ ಜನರಲ್ ರಾಜ್ಯದ ಒಂದು ಭಾಗವನ್ನೋ ಕೆಲವು ಭಾಗಗಳನ್ನೋ ತಮ್ಮ ಕೈಗೆ ತಗೋಬಹುದು. ಈ ಕಲಮು ನೆನಪಿಟ್ಟುಕೊಳ್ಳಿ, ಆಟ ತಿರುಗೋದು ಇಲ್ಲೇ.

ಹುಡುಗ ಬೆಳೆಯೋ ತನಕ ಆಡಳಿತ ನಡೆಸಿದ್ದು ದಿವಾನ್ ಪೂರ್ಣಯ್ಯ. ಅಜ್ಜಿ ಲಕ್ಷ್ಮಮ್ಮಣ್ಣಿ 1810ರಲ್ಲಿ ತೀರಿಕೊಂಡರು. 1811ರಲ್ಲಿ ಪೂರ್ಣಯ್ಯ ಅಧಿಕಾರ ಬಿಟ್ಟರು, ಮರುವರ್ಷ ಅವರೂ ಇಲ್ಲ. ಹದಿನಾರು ಹದಿನೇಳರ ವಯಸ್ಸಿಗೆ, ಅಂದ್ರೆ ನಾವು ಪಿಯುಸಿಯಲ್ಲಿದ್ದ ವಯಸ್ಸಿಗೆ, ಬೋರ್ಡ್ ಮೇಲೆ ಮಂತ್ರಿ ಇಲ್ಲದೆ ಅರಸರು ಒಬ್ಬರೇ ಆಡಬೇಕಾಯ್ತು.

ಇಲ್ಲಿಂದ ತಪ್ಪುಗಳು ಶುರು. ಖರ್ಚು ಏರ್ತಾ ಹೋಯ್ತು, ಖಜಾನೆ ಖಾಲಿಯಾಗ್ತಾ ಬಂತು, ಸಾಲ ಆಯ್ತು. ಕಂದಾಯ ಎತ್ತೋಕೆ ಒಂದು ಕೆಟ್ಟ ಪದ್ಧತಿ ಬಂತು. ಇಷ್ಟು ಹಣ ತಂದೇ ಕೊಡ್ತೀನಿ ಅಂತ ಅಮಲ್ದಾರ ಮೊದಲೇ ಬರೆದುಕೊಡಬೇಕು, ಕಡಿಮೆ ಬಿದ್ರೆ ಅವನೇ ತುಂಬಬೇಕು. ಅವನು ಅದನ್ನ ರೈತರಿಂದ ಹಿಂಡಿದ. 1825ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು ಎಚ್ಚರಿಸಿದರು. ಅರಸರು ಬದಲಾಗಲಿಲ್ಲ. ಇದಕ್ಕೆ ಒಂದು ಪ್ರಶ್ನೆ ಗುರುತು. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಇದಕ್ಕೆ ಎರಡು. ಚೆಸ್‌ನಲ್ಲಿ ಬ್ಲಂಡರ್ ಮಾಡಿದವನು ತಾನೇ ಸೋಲ್ತಾನೆ. ಇಲ್ಲಿ ಮೊದಲು ಬೆಲೆ ತೆತ್ತಿದ್ದು ರೈತರು. ಅರಸರ ಮೇಲೆ ಎಷ್ಟೇ ಅಭಿಮಾನ ಇದ್ರೂ ಈ ಗುರುತು ಅಳಿಸೋಕೆ ಆಗಲ್ಲ.

1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯದ ಆಡಳಿತ ಕಿತ್ತುಕೊಂಡರು. ಆದ್ರೆ ಎದುರಾಳಿಯೂ ಇಲ್ಲಿ ತಪ್ಪಿದ್ದಾರೆ. ಕಲಮು ಹೇಳಿದ್ದು ಭಾಗದ ಬಗ್ಗೆ, ಅವರು ತಗೊಂಡಿದ್ದು ಪೂರ್ತಿ. 1833ರಲ್ಲಿ ಬ್ರಿಟಿಷರದೇ ಸಮಿತಿ ವಿಚಾರಣೆ ಮಾಡಿ, ಪರಿಸ್ಥಿತಿ ಹೇಳಿದಷ್ಟು ಕೆಟ್ಟಿರಲಿಲ್ಲ ಅಂತ ವರದಿ ಕೊಟ್ಟಿತು. ಆದರೂ ರಾಜ್ಯ ವಾಪಸ್ ಬರಲಿಲ್ಲ.

ಅರಸರಿಗೆ ಉಳಿದಿದ್ದು ಬಿರುದು, ಅರಮನೆ, ವರ್ಷಕ್ಕೆ 1 ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದರಲ್ಲಿ ಒಂದು ಪಾಲು. ವಯಸ್ಸು 37. ನಾನಾಗಿದ್ರೆ ರಿಸೈನ್.

ಅವರು ಆ ಖಾಲಿ ವರ್ಷಗಳಲ್ಲಿ ಸಂಗೀತಗಾರರಿಗೆ, ಪಂಡಿತರಿಗೆ, ಚಿತ್ರಕಾರರಿಗೆ ಆಶ್ರಯ ಕೊಟ್ಟರು. ಶ್ರೀತತ್ತ್ವನಿಧಿ ಅನ್ನೋ ಸಚಿತ್ರ ಗ್ರಂಥ ಮಾಡಿಸಿದರು, ಅದರಲ್ಲಿ ಕೌತುಕನಿಧಿ ಅಂತ ಆಟಗಳಿಗೇ ಒಂದು ಭಾಗ. ಗಂಜೀಫಾ ಎಲೆಗಳಲ್ಲಿ ಹೊಸ ಆಟ ಕಟ್ಟಿದರು. ಎಲ್ಲಕ್ಕಿಂತ ನನಗೆ ಇಷ್ಟ ಆಗಿದ್ದು ಕುದುರೆ ಲೆಕ್ಕ. ಕುದುರೆ 64 ಮನೆಗೂ ಒಂದೊಂದೇ ಸಲ ಹೋಗಬೇಕು. ಹೋದ ಕ್ರಮದಲ್ಲಿ 1ರಿಂದ 64 ಬರೆದರೆ ಪ್ರತಿ ಅಡ್ಡ ಸಾಲೂ ಪ್ರತಿ ಕಂಬ ಸಾಲೂ ಕೂಡಿದಾಗ 260 ಬರಬೇಕು. ಅಂಥ ಸುತ್ತನ್ನ ಅವರು ಕಟ್ಟಿದರು. ನಮಗೆ ಅಲ್ಗಾರಿದಮ್ ಲ್ಯಾಬ್‌ನಲ್ಲಿ ಬರೀ ಸುತ್ತು ಹಾಕಿಸೋಕೇ ಬ್ಯಾಕ್‌ಟ್ರ್ಯಾಕಿಂಗ್ ಬೇಕು. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳಲ್ಲಿ ಕೂಡ 260 ಬರೋ ಸುತ್ತು ಇಲ್ಲವೇ ಇಲ್ಲ ಅಂತ ಕಂಪ್ಯೂಟರ್ ತೋರಿಸಿದ್ದು 2003ರಲ್ಲಿ.

ಈಗ ರೂಮ್‌ಮೇಟ್‌ನ ಪ್ರಶ್ನೆಗೆ ಬರೋಣ. ಡಾಲ್‌ಹೌಸಿ ಕಾಲದಲ್ಲಿ ಗಂಡು ಸಂತಾನ ಇಲ್ಲದ ಅರಸರ ರಾಜ್ಯಗಳು ಒಂದೊಂದೇ ಕಂಪನಿ ಪಾಲಾದವು. 1848ರಲ್ಲಿ ಸತಾರಾ, 1854ರಲ್ಲಿ ನಾಗ್ಪುರ, ಝಾನ್ಸಿ. ನಿಜಾಮರು ಸಾಲಕ್ಕೆ ಸಿಕ್ಕಿ 1853ರಲ್ಲಿ ಬೇರಾರ್ ಜೊತೆ ರಾಯಚೂರು ದೋಆಬನ್ನೂ ಕಂಪನಿಗೆ ಬಿಟ್ಟುಕೊಟ್ಟರು. ಕೃಷ್ಣೆ ತುಂಗಭದ್ರೆ ನಡುವಿನ ನಮ್ಮ ರಾಯಚೂರು, ದೇವದುರ್ಗ, ಮಾನ್ವಿ ಎಲ್ಲಾ ಅದರೊಳಗೇ ಬಂದವು. 1860ರಲ್ಲಿ ದೋಆಬ್ ನಿಜಾಮರಿಗೆ ವಾಪಸ್ ಬಂತು. ಆ ಏಳು ವರ್ಷ ಮೈಸೂರಿನವರೂ ನಾವೂ ಒಂದೇ ಬೋರ್ಡ್ ಮೇಲಿನ ಕಾಯಿಗಳು. ಮುಮ್ಮಡಿಯವರಿಗೂ ಪಟ್ಟಕ್ಕೆ ಬರೋ ಮಗ ಇರಲಿಲ್ಲ. ಅವರು ಕಣ್ಣು ಮುಚ್ಚಿದ ದಿನವೇ ಮೈಸೂರು ಮುಗೀತು ಅನ್ನೋ ಸ್ಥಿತಿ.

1857ರಲ್ಲಿ ಅವರು ಬ್ರಿಟಿಷರ ಪಕ್ಷದಲ್ಲೇ ನಿಂತರು. ಇದಕ್ಕೆ ಯಾವ ಗುರುತು ಹಾಕಬೇಕು ಅಂತ ನಮ್ಮ ರೂಮಲ್ಲಿ ಜಗಳವೇ ಆಯ್ತು. ನಾನು ಆಶ್ಚರ್ಯಸೂಚಕದ ಪಕ್ಕ ಪ್ರಶ್ನೆ ಗುರುತು ಇಟ್ಟೆ. ಆಮೇಲೆ ರಾಜ್ಯ ವಾಪಸ್ ಕೊಡಿ ಅಂತ ಅರ್ಜಿ ಹಾಕಿದರು. 1862ರಲ್ಲಿ ಕ್ಯಾನಿಂಗ್ ಆಗಲ್ಲ ಅಂದರು.

1865ರ ಜೂನ್‌ನಲ್ಲಿ, 70 ದಾಟಿದ ಅರಸರು ಎರಡು ವರ್ಷದ ಕೂಸು ಚಾಮರಾಜೇಂದ್ರನನ್ನ ದತ್ತು ತಗೊಂಡರು. ಪ್ಯಾದೆ ಒಂದು ಮನೆ ಮುಂದೆ. ದತ್ತುಮಗನಿಗೆ ಸಿಗೋದು ಸ್ವಂತ ಆಸ್ತಿ ಮಾತ್ರ, ರಾಜ್ಯ ಅಲ್ಲ ಅಂತ ಇಲ್ಲಿನ ಬ್ರಿಟಿಷ್ ಸರ್ಕಾರದ ವಾದ. ಅರಸರು ಪಟ್ಟು ಬಿಡದೆ ಲಂಡನ್ ತನಕ ಹೋರಾಡಿದರು. 1867ರಲ್ಲಿ ಲಂಡನ್ ದತ್ತು ಒಪ್ಪಿತು. ಆಶ್ಚರ್ಯಸೂಚಕ ಎರಡು.

1868ರ ಮಾರ್ಚ್ 27ರಂದು ಅರಸರು ತೀರಿಕೊಂಡರು. ಕೈಗೆ ರಾಜ್ಯ ಬಂದಿರಲಿಲ್ಲ. 1881ರ ಮಾರ್ಚ್ 25ರಂದು ಮೈಸೂರು ಚಾಮರಾಜೇಂದ್ರರ ಕೈಗೆ ಬಂತು. ಪ್ಯಾದೆ ಕೊನೆ ಮನೆ ಮುಟ್ಟೋ ಹೊತ್ತಿಗೆ ಆಡಿದವರು ಹೋಗಿ 13 ವರ್ಷ ಆಗಿತ್ತು.

ನಿನ್ನೆ ರಾತ್ರಿ ರೂಮ್‌ಮೇಟ್ ಜೊತೆ ಆಡುವಾಗ ಹನ್ನೆರಡನೇ ನಡೆಗೇ ನನ್ನ ಮಂತ್ರಿ ಹೋಯ್ತು. ರಿಸೈನ್ ಒತ್ತಲಿಲ್ಲ. ಸೋತೆ, ಆದ್ರೆ ಐವತ್ತೆಂಟನೇ ನಡೆಗೆ.